ಹುಡುಕಾಟಕ್ಕೆ ತೆತ್ತ ಹಣ, ನಿಲ್ಲದ ಅಧಿಕಾರಿ

ಕ್ಯಾಲಿಫೋರ್ನಿಯಾದ ಸರ್ಕಾರಿ ನೌಕರರ ಪಿಂಚಣಿ ನಿಧಿ ಕ್ಯಾಲ್ಪರ್ಸ್, ಅಮೆರಿಕದ ರಾಜ್ಯಗಳು ನಡೆಸುವ ಪಿಂಚಣಿ ನಿಧಿಗಳಲ್ಲೆಲ್ಲ ದೊಡ್ಡದು. 20 ಲಕ್ಷ ಮೀರಿದ ಸದಸ್ಯರು, 2024ರ ಹೊತ್ತಿಗೆ ಸುಮಾರು 50,000 ಕೋಟಿ ಡಾಲರ್ ಆಸ್ತಿ. ಈ ಹಣದ ಹೂಡಿಕೆಯ ಹೊಣೆ ಹೊರುವ ಮುಖ್ಯ ಹೂಡಿಕೆ ಅಧಿಕಾರಿ ಮಾತ್ರ ಅಲ್ಲಿ ನೆಲೆ ನಿಲ್ಲುತ್ತಿಲ್ಲ. 2019ರ ಜನವರಿಯಲ್ಲಿ ಬಂದ ಯು ಬೆನ್ ಮೆಂಗ್, ಹಿತಾಸಕ್ತಿ ಸಂಘರ್ಷದ ಪ್ರಶ್ನೆ ಎದ್ದ ಬೆನ್ನಿಗೆ 2020ರ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟರು. ಆ ಜಾಗ ತುಂಬಲು ಒಂದೂವರೆ ವರ್ಷಕ್ಕೂ ಹೆಚ್ಚು ಹಿಡಿಯಿತು. 2022ರ ಮಾರ್ಚ್‌ನಲ್ಲಿ ಸೇರಿದ ನಿಕೋಲ್ ಮುಸಿಕ್ಕೊ 18 ತಿಂಗಳಿಗೇ ಹೊರಟರು. ಮತ್ತೆ ಹುಡುಕಾಟ. 2024ರ ಜುಲೈನಲ್ಲಿ ನ್ಯೂಜಿಲೆಂಡಿನ ಸರ್ಕಾರಿ ನಿಧಿಯಿಂದ ಸ್ಟೀಫನ್ ಗಿಲ್ಮೋರ್ ಬಂದರು. ಎರಡೂ ಸಲ ನಡುವಿನ ಅವಧಿಯಲ್ಲಿ ಕೆಲಸ ತೂಗಿಸಿದವರು ನಿಧಿಯೊಳಗೇ ಇದ್ದ ಡ್ಯಾನ್ ಬಿಯೆನ್‌ವೆನ್ಯು.

ಇಂಥ ಹುದ್ದೆಗಳಿಗೆ ಜನರನ್ನು ಹುಡುಕಿಕೊಡುವ ಖಾಸಗಿ ಕಂಪನಿಗಳ ಮೊರೆ ಹೋಗುವುದು ಅಮೆರಿಕದ ಸರ್ಕಾರಿ ನಿಧಿಗಳಲ್ಲಿ ವಾಡಿಕೆಯಾಗಿಬಿಟ್ಟಿದೆ. ನನ್ನ ತಕರಾರು ಇರುವುದು ಈ ವಾಡಿಕೆಯ ಬಗ್ಗೆ. ಅಧಿಕಾರಿಗೆ ಕೊಡುವ ಸಂಬಳದ ಬಗ್ಗೆ ಅಲ್ಲ; ಇಷ್ಟು ದೊಡ್ಡ ಗಂಟು ಕಾಯುವವರಿಗೆ ಒಳ್ಳೆಯ ಸಂಬಳ ಕೊಡಲೇಬೇಕು.

ಹುಡುಕಾಟದ ಕರಾರು ಹೇಗಿರುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಈ ವೃತ್ತಿಯಲ್ಲಿ ಶುಲ್ಕ ಸಾಮಾನ್ಯವಾಗಿ ಹೊಸ ಅಧಿಕಾರಿಯ ಮೊದಲ ವರ್ಷದ ಸಂಬಳದ ಮೂರನೇ ಒಂದು ಭಾಗ. ಅದನ್ನು ಹೆಚ್ಚಾಗಿ ಮೂರು ಕಂತಿನಲ್ಲಿ ಕಟ್ಟಬೇಕು. ಮೊದಲ ಕಂತು ಒಬ್ಬ ಅಭ್ಯರ್ಥಿಯ ಹೆಸರೂ ಬರುವ ಮುಂಚೆಯೇ. ಸಂಬಳ ಏರಿದಷ್ಟೂ ಶುಲ್ಕ ಏರುತ್ತದೆ, ಹಾಗಾಗಿ ನಿಧಿಯ ಪರವಾಗಿ ಚೌಕಾಸಿ ಮಾಡಬೇಕಾದವರಿಗೆ ಚೌಕಾಸಿಯಿಂದಲೇ ನಷ್ಟ. ಇನ್ನೂ ಒಂದು ಷರತ್ತಿದೆ, ಹೊರಗಿನವರ ಗಮನಕ್ಕೆ ಬರುವುದು ಅಪರೂಪ: ಕಂಪನಿ ತನ್ನ ಬೇರೆ ಗ್ರಾಹಕರಲ್ಲಿ ಕೆಲಸ ಮಾಡುವವರನ್ನು ಇಂತಿಷ್ಟು ಕಾಲ ಸೆಳೆಯುವಂತಿಲ್ಲ. ಎಷ್ಟು ದೊಡ್ಡ ಕಂಪನಿಯೋ ಅಷ್ಟು ಹೆಚ್ಚು ಗ್ರಾಹಕರು, ಅಷ್ಟು ಹೆಚ್ಚು ಮುಚ್ಚಿದ ಬಾಗಿಲು. ಜಗತ್ತನ್ನೆಲ್ಲ ಜಾಲಾಡಿದ್ದೇವೆ ಎನ್ನುವ ಪಟ್ಟಿ ಮೊದಲೇ ಕುಗ್ಗಿರುತ್ತದೆ.

ಬಂದವರು ಬೇಗ ಬಿಟ್ಟುಹೋದರೆ ಮತ್ತೆ ಶುಲ್ಕವಿಲ್ಲದೆ ಹುಡುಕಿಕೊಡುವ ಭರವಸೆಯೂ ಇರುತ್ತದೆ, ಆದರೆ ಅದು ಸಾಮಾನ್ಯವಾಗಿ ಒಂದು ವರ್ಷಕ್ಕೆ. ಪಿಂಚಣಿ ಹೂಡಿಕೆಯ ಫಲ ಕಾಣಲು ಹತ್ತಿಪ್ಪತ್ತು ವರ್ಷ ಬೇಕು. 18 ತಿಂಗಳಿಗೆ ಹೋದವರ ವಿಷಯದಲ್ಲಿ ಒಂದು ವರ್ಷದ ಭರವಸೆಯಿಂದ ಏನು ಪ್ರಯೋಜನ?

ಈ ಶುಲ್ಕ ತೀರಾ ಚಿಲ್ಲರೆ ಎಂಬ ವಾದವಿದೆ. 50,000 ಕೋಟಿಯ ಮುಂದೆ ಕೆಲವು ಲಕ್ಷ ಡಾಲರ್ ಕಣ್ಣಿಗೇ ಕಾಣದು. ಒಳ್ಳೆಯ ಅಧಿಕಾರಿ ಗಳಿಕೆಯನ್ನು ನೂರಕ್ಕೆ 0.01ರಷ್ಟು ಹೆಚ್ಚಿಸಿದರೂ ವರ್ಷಕ್ಕೆ 5 ಕೋಟಿ ಡಾಲರ್. ಲೆಕ್ಕ ಸರಿ. ಆದರೆ ಇದೇ ಲೆಕ್ಕ ಹೇಳಿ ಯಾವ ಖರ್ಚನ್ನಾದರೂ ಸಮರ್ಥಿಸಬಹುದು. ಹಣ ನೌಕರರ ವೇತನದಿಂದ, ಊರೂರಿನ ಸ್ಥಳೀಯ ಆಡಳಿತಗಳ ವಂತಿಗೆಯಿಂದ ಬಂದದ್ದು. ವಂತಿಗೆಯ ಹೊರೆ ಏರಿದಾಗ ಅಲ್ಲಿನ ಪುರಸಭೆಗಳು ಗ್ರಂಥಾಲಯಕ್ಕೋ ಅಗ್ನಿಶಾಮಕ ಠಾಣೆಗೋ ಕೊಡುವ ಹಣಕ್ಕೆ ಕತ್ತರಿ ಹಾಕಬೇಕಾಗುತ್ತದೆ.

ಶುಲ್ಕಕ್ಕಿಂತ ದೊಡ್ಡ ನಷ್ಟ ಬೇರೆಯೇ ಇದೆ. ದುಡ್ಡು ಕೊಟ್ಟು ಹುಡುಕಿಸುವ ನಿಧಿಯ ಆಡಳಿತ ಮಂಡಳಿ ಪರೀಕ್ಷಿಸುವ ಕೆಲಸವನ್ನೂ ಹೊರಗಿನವರ ಕೈಗೆ ಬಿಡುತ್ತದೆ. 2017ರಲ್ಲಿ ಕ್ಯಾಲ್ಪರ್ಸ್ ನೇಮಿಸಿಕೊಂಡ ಮುಖ್ಯ ಹಣಕಾಸು ಅಧಿಕಾರಿಯ ಕೆಲಸದ ಇತಿಹಾಸದ ಬಗ್ಗೆ ಮರುವರ್ಷವೇ ಬಹಿರಂಗ ಪ್ರಶ್ನೆಗಳೆದ್ದು, ಅವರು ಹುದ್ದೆ ಬಿಡಬೇಕಾಯಿತು. ಹಿಂದಿನ ನಾಲ್ಕು ಕಚೇರಿಗಳಿಗೆ ಫೋನ್ ಮಾಡಿ ಕೇಳುವುದಕ್ಕೆ ಲಕ್ಷಗಟ್ಟಲೆ ಬೇಕಿಲ್ಲ. ನಿಧಿಯ ಸಿಬ್ಬಂದಿಯೇ ಕೇಳಬಹುದು, ಕೇಳಲೇಬೇಕು.

ಒಳಗಿನವರನ್ನು ಬೆಳೆಸಿದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳಲಾರೆ. ಮೆಂಗ್ ಕೂಡ ಹಿಂದೆ ಕೆಲವು ವರ್ಷ ಕ್ಯಾಲ್ಪರ್ಸ್‌ನಲ್ಲೇ ದುಡಿದಿದ್ದವರು. ಆದರೆ ಮಧ್ಯಂತರವಾಗಿ ಕುಳಿತು ಆಮೇಲೆ ಕಾಯಂ ಆದ ಟೆಡ್ ಎಲಿಯೋಪೊಲಸ್ 2014ರಿಂದ 2018ರವರೆಗೆ ನಿಂತರು. ಮುಂದಿನ ಇಬ್ಬರೂ ಅಷ್ಟು ನಿಲ್ಲಲಿಲ್ಲ. ಮಂಡಳಿ ಮುಂದಿನ ಸಲ ಕರಾರಿಗೆ ಸಹಿ ಹಾಕುವ ಮುಂಚೆ ಶುಲ್ಕದ ಮೊತ್ತವನ್ನೂ, ಕಂಪನಿ ಮುಟ್ಟಲಾಗದ ಸಂಸ್ಥೆಗಳ ಪಟ್ಟಿಯನ್ನೂ ಸದಸ್ಯರ ಮುಂದಿಡಲಿ. ಶುಲ್ಕದ ಅರ್ಧವನ್ನು ತಡೆಹಿಡಿದು, ಬಂದವರು ಮೂರು ವರ್ಷ ಪೂರೈಸಿದ ಮೇಲೆ ಪಾವತಿಸಲಿ. ಇದಕ್ಕೆ ಒಪ್ಪದ ಕಂಪನಿಯ ಜೊತೆ ಕರಾರು ಬೇಡ.