ಎಕ್ಕಿ ಕಟಗಿಯ ಕರಿ ಹಿಟ್ಟು

ಹೋಳಿ ಹುಣ್ಣಿಮೆ ದಾಟಿ ನಮ್ಮ ಸವಡಿ ಸೀಮೆಯ ಎರಿಹೊಲ ಬಾಯಿ ಬಿಟ್ಟಿತೆಂದರೆ ನನ್ನ ಸುಗ್ಗಿ ಶುರು. ಕಡಲೆ, ಬಿಳಿಜೋಳ ಮನೆ ಸೇರಿರುತ್ತವೆ. ಗಾಳಿಯಲ್ಲಿ ಪಸೆ ಇರುವುದಿಲ್ಲ. ಬದುವಿನ ಎಕ್ಕಿ ಗಿಡದ ಹಳೆಯ ಟೊಂಗೆಗಳು ನಿಂತಲ್ಲೇ ಒಣಗಿರುತ್ತವೆ. ಕಡ್ಡಿಪೆಟ್ಟಿಗೆ ಮುಟ್ಟದೆ ಕಟಗಿಗೆ ಕಟಗಿ ತಿಕ್ಕಿ ಕಿಚ್ಚು ಹುಟ್ಟಿಸಬೇಕೆಂದರೆ ಈ ದಿನಗಳೇ ಸರಿ.

ಮೊದಲ ಸಲ ನಾನು ಜಾಲಿ ಕಟಗಿ ಆರಿಸಿಕೊಂಡಿದ್ದೆ. ಒಲೆಯಲ್ಲಿ ಅಷ್ಟು ಹೊತ್ತು ಉರಿಯುವ ಕಟಗಿ ಬೇಗ ಹೊತ್ತಿಕೊಂಡೀತೆಂಬ ಲೆಕ್ಕ. ಅರ್ಧ ತಾಸು ತಿರುವಿದ ಮೇಲೆ ಅಂಗೈ ತುಂಬ ಬೊಬ್ಬೆ. ಕಡ್ಡಿ ತಿರುಗಿದ ಹಲಗೆಯ ಕುಳಿ ಮಾತ್ರ ಎಣ್ಣೆ ಸವರಿದಂತೆ ನುಣುಪಾಗಿ ಕಿರ್ರೆನ್ನುತ್ತಿತ್ತು. ಉರಿಯುವ ಕಟಗಿ ಬೇರೆ, ಕಿಚ್ಚು ಹಡೆಯುವ ಕಟಗಿ ಬೇರೆ. ಹಗುರಾಗಿರಬೇಕು, ಅಂಟು ಇರಬಾರದು, ಉಗುರು ಊರಿದರೆ ಗೆರೆ ಮೂಡಬೇಕು. ಎಕ್ಕಿ ಹಾಗಿದೆ. ಹಸಿ ಗಿಡ ಮುರಿಯಬೇಡಿ, ಅದರ ಹಾಲು ಕಣ್ಣಿಗೆ ಬಿದ್ದರೆ ಕೇಡು. ಬೇಲಿಯ ಕತ್ತಾಳಿಯ ಒಣಗಿದ ಹೂದಂಡೂ ಬಲು ಒಳ್ಳೆಯದು.

ಹೆಬ್ಬೆರಳು ದಪ್ಪದ ಹಲಗೆ, ಕಿರುಬೆರಳು ದಪ್ಪದ ಎರಡು ಗೇಣು ಕಡ್ಡಿ. ಹಲಗೆಯ ಅಂಚಿಗೆ ಹತ್ತಿರವಾಗಿ ಸಣ್ಣ ಕುಳಿ, ಕುಳಿಯಿಂದ ಅಂಚಿನವರೆಗೆ ಒಂದು ಸೀಳು. ಕಸುಬಿನ ಜೀವ ಇರುವುದು ಆ ಸೀಳಿನಲ್ಲಿ. ಕುಳಿಯಲ್ಲಿ ಊರಿದ ಕಡ್ಡಿ ಅಂಗೈಗಳ ನಡುವೆ ತಿರುಗಿದಂತೆ ಉದುರುವ ಹಿಟ್ಟು ಚೆಲ್ಲಾಪಿಲ್ಲಿಯಾಗದೆ ಅಲ್ಲೇ ಗುಡ್ಡೆಯಾಗಿ, ಕಾವನ್ನು ಹಿಡಿದಿಟ್ಟುಕೊಳ್ಳುತ್ತದೆ, ಗಾಳಿಯೂ ಅಲ್ಲಿಂದಲೇ ಸೇರುತ್ತದೆ. ಸುಮಾರು 400 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಹಿಟ್ಟೇ ಕೆಂಡ. ನಾನು ಹಿಟ್ಟಿನ ಬಣ್ಣ ನೋಡುತ್ತೇನೆ. ಗೋದಿ ಬಣ್ಣವಿದ್ದರೆ ಕಾವು ಸಾಲದು, ಕಾಫಿಪುಡಿಯಂತಾದರೆ ಹತ್ತಿರ ಬಂದಿದ್ದೇವೆ, ಕರ್ರಗಾಗಿ ಒಂದಕ್ಕೊಂದು ಅಂಟಿ ಹೊಗೆಯಾಡತೊಡಗಿದರೆ ಆಗ ಉಸಿರು ಬಿಗಿಹಿಡಿದು ಜೋರು ಮಾಡಬೇಕು. ಮೊದಲಿಗೇ ರಟ್ಟೆಯ ಬಲವೆಲ್ಲ ಸುರಿದವನಿಗೆ ಆ ಹೊತ್ತಿಗೆ ಏನೂ ಉಳಿದಿರುವುದಿಲ್ಲ.

ಇದು ಹೊರಗಿನಿಂದ ಬಂದ ವಿದ್ಯೆಯಲ್ಲ. ದಸರೆಯಲ್ಲಿ ನಾವು ಬಂಗಾರವೆಂದು ಕೊಟ್ಟು ತೆಗೆದುಕೊಳ್ಳುವ ಬನ್ನಿಯೇ ಶಮಿ. ಆ ಶಮಿಯ ಮೇಲೆ ಬೇರೂರಿ ಬೆಳೆದ ಅರಳಿಯಿಂದ ಯಜ್ಞದ ಕಿಚ್ಚು ಹುಟ್ಟಿಸುವ ಅರಣಿ ಮಾಡಬೇಕೆಂಬುದು ವೈದಿಕರ ವಿಧಿ. ಕೆಳಗೊಂದು ಹಲಗೆ, ಅದರ ಮೇಲೆ ಮಂಥವೆಂಬ ತಿರುಗುವ ಕಡ್ಡಿ. ಒಬ್ಬರು ಒತ್ತಿ ಹಿಡಿದರೆ ಇನ್ನೊಬ್ಬರು ಹಗ್ಗ ಎಳೆಯುತ್ತಾರೆ, ನಮ್ಮ ಮನೆಗಳಲ್ಲಿ ಕಡಗೋಲು ತಿರುವಿದಂತೆಯೇ. ಮಥಿಸುವುದೆಂಬ ಮಾತು ಬೆಣ್ಣೆಗೂ ಬೆಂಕಿಗೂ ಒಂದೇ ಆಗಿರುವುದು ಸುಮ್ಮನೆ ಅಲ್ಲ. 1975ರಲ್ಲಿ ಕೇರಳದ ಪಾಂಜಾಳಿನಲ್ಲಿ ನಡೆದ ಅತಿರಾತ್ರ ಯಾಗಕ್ಕೂ ಕಿಚ್ಚು ಹೀಗೆಯೇ ಹುಟ್ಟಿತು. ಬನ್ನಿ ಗಟ್ಟಿ, ಅರಳಿ ಮೆದು. ಪೂಜ್ಯಭಾವ ಬನ್ನಿಯದಾದರೂ ಕೆಲಸ ಮಾಡುವುದು ಅರಳಿಯ ಮೆದುತನವೆಂದು ನನ್ನ ಅಂಗೈ ಹೇಳುತ್ತದೆ. ನಮ್ಮಲ್ಲಷ್ಟೇ ಅಲ್ಲ, 1922ರಲ್ಲಿ ತೆರೆದ ಈಜಿಪ್ತಿನ ಅರಸ ತುತಾಂಖಾಮನ್‌ನ ಗೋರಿಯ ಸಾಮಾನುಗಳಲ್ಲಿ ಕುಳಿಗಳಿದ್ದ ಕಿಚ್ಚಿನ ಹಲಗೆಯೂ ಸಿಕ್ಕಿತು. ಮರಣದಾಚೆಗೂ ಅರಸನಿಗೆ ಅದು ಬೇಕಾಗುತ್ತದೆಂದು ಇಟ್ಟಿದ್ದರಲ್ಲ!

ಹೊತ್ತಿಸುವುದಕ್ಕಿಂತ ಕಾಪಾಡುವುದರಲ್ಲಿ ನಮ್ಮ ಅಜ್ಜಿಯರು ಇನ್ನೂ ಜಾಣರು. ರಾತ್ರಿ ಕೆಂಡವನ್ನು ಬೂದಿಯೊಳಗೆ ಮುಚ್ಚಿಡುತ್ತಿದ್ದರು, ಅದು ಆರಿದರೆ ಕುಳ್ಳಿನ ಚೂರು ಹಿಡಿದು ನೆರೆಮನೆಗೆ ಹೋಗಿ ಕಿಚ್ಚು ತರುತ್ತಿದ್ದರು. ಆ ಕುಳ್ಳೇ ನನಗೂ ಆಸರೆ. ಎಕ್ಕಿ ಕಾಯಿಯೊಳಗಿನ ಹತ್ತಿ ಭಗ್ಗೆಂದು ಉರಿದು ಮುಗಿದುಬಿಡುತ್ತದೆ. ಒಣ ಕುಳ್ಳಿನ ಪುಡಿ ಹಾಗಲ್ಲ, ಕಣದಷ್ಟು ಕೆಂಡವನ್ನೂ ಬಿಡದೆ ಹಿಡಿದು ದೊಡ್ಡದು ಮಾಡುತ್ತದೆ.

ಕೂಳೆ ಇಲ್ಲದ ಬರಿನೆಲ ನೋಡಿ ಕೂಡಿ, ಪಕ್ಕದಲ್ಲಿ ಒಂದು ಕೊಡ ನೀರಿರಲಿ. ಕರಿ ಹಿಟ್ಟು ಗುಡ್ಡೆಯಾಗಿ ಜೋರು ಹೊಗೆ ಬಂದ ಮೇಲೆ ಕೈ ನಿಲ್ಲಿಸಿ, ಕಡ್ಡಿ ಎತ್ತಿ ಪಕ್ಕಕ್ಕಿಡಿ. ಸೀಳಿನಿಂದ ಎಳೆಯಷ್ಟು ತೆಳ್ಳಗೆ ಹೊಗೆ ಇನ್ನೂ ಏಳುತ್ತಿದೆಯೇ? ಹಾಗಿದ್ದರೆ ಅವಸರ ಬೇಡ. ಊದಬೇಡಿ, ಅಂಗೈಯಿಂದ ಸಣ್ಣಗೆ ಗಾಳಿ ಬೀಸಿ. ಕರಿ ಹಿಟ್ಟಿನ ನಡುವೆ ಸಾಸಿವೆ ಕಾಳಿನಷ್ಟು ಕೆಂಪು ಕಾಣಿಸುತ್ತದೆ.