ಎರವಲು ಕೀರ್ತಿಯ ಪಾಲಿಯೆಸ್ಟರ್ ಫಿಲ್ಮ್

ಪ್ಯಾಕೇಜಿಂಗ್ ಉದ್ಯಮ ಪಾಲಿಯೆಸ್ಟರ್ ಫಿಲ್ಮನ್ನು ಎರಡು ಕಾರಣಕ್ಕೆ ಹೊಗಳುತ್ತದೆ. ಅದು ಗಟ್ಟಿ ಎಂಬುದು ಒಂದು; ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್ಕೇ ಆದ್ದರಿಂದ ಮರುಬಳಕೆಗೆ ಬರುತ್ತದೆ ಎಂಬುದು ಇನ್ನೊಂದು. ಮೊದಲನೆಯದು ದುಡಿದು ಗಳಿಸಿದ ಹೆಸರು. ಎರಡನೆಯದು ಬಾಟಲಿಯಿಂದ ಎರವಲು ತಂದದ್ದು.

ಶಾಂಪೂ ಸ್ಯಾಷೆಯನ್ನೇ ನೋಡಿ. ಹೊರಪದರ ಸಾಮಾನ್ಯವಾಗಿ 12 ಮೈಕ್ರಾನ್ ದಪ್ಪದ ಪಾಲಿಯೆಸ್ಟರ್. ಕಾರ್ಖಾನೆಯಲ್ಲಿ ಉದ್ದಕ್ಕೂ ಅಡ್ಡಕ್ಕೂ ಮೂರು ಪಟ್ಟು ಎಳೆದು, ಬಿಸಿಯಲ್ಲಿ ಹದಗೊಳಿಸಿದ ಹಾಳೆ. ಆ ಎಳೆತದಿಂದಲೇ ಅದಕ್ಕೆ ಬಿಗುವು ಬಂದದ್ದು. ಅಕ್ಷರಗಳನ್ನು ಒಳಮೈಗೆ ತಿರುವುಮುರುವಾಗಿ ಅಚ್ಚು ಹಾಕಿರುತ್ತಾರೆ. ಒದ್ದೆ ಕೈಯಲ್ಲಿ ಎಷ್ಟು ಉಜ್ಜಿದರೂ ಬಣ್ಣ ಬಿಡುವುದಿಲ್ಲ. ಅದರ ಹಿಂದೆ ಹಲವು ಸ್ಯಾಷೆಗಳಲ್ಲಿ ಅಲ್ಯೂಮಿನಿಯಂ ಆವಿ ಕೂರಿಸಿದ ಇನ್ನೊಂದು ಪಾಲಿಯೆಸ್ಟರ್ ಹಾಳೆ, ತೀರ ಒಳಗೆ ಬಿಸಿ ತಾಗಿದರೆ ಅಂಟುವ ಪಾಲಿಥೀನ್.

ಅಂಚಿನಲ್ಲೊಂದು ಪುಟ್ಟ ಕಚ್ಚು ಇರುತ್ತದೆ. ಅದಿಲ್ಲದಿದ್ದರೆ ಹಲ್ಲಿಗೆ ಕೆಲಸ. ಈ ಫಿಲ್ಮು ಹರಿಯಲು ಸುಲಭಕ್ಕೆ ಒಪ್ಪುವುದಿಲ್ಲ. ಒಮ್ಮೆ ಸೀಳು ಬಿತ್ತೆಂದರೆ ಸರ್ರನೆ ಹರಿಯುತ್ತದೆ. ವಸ್ತುವಿನ ಸ್ವಭಾವ ಬಲ್ಲವರು ಇಟ್ಟ ಕಚ್ಚು ಅದು, ಮೆಚ್ಚಲೇಬೇಕು. ಆದರೆ ತೆರೆಯುವ ಗಳಿಗೆಯ ಬಗ್ಗೆ ಇಷ್ಟು ಯೋಚಿಸಿದವರು ಆಮೇಲಿನದನ್ನು ಯೋಚಿಸಲಿಲ್ಲ. ಹರಿದ ಮೂಲೆ ಬಚ್ಚಲ ಮೋರಿಗೆ ಹೋಗುತ್ತದೆ, ಉಳಿದದ್ದು ತಿಪ್ಪೆಗೆ. ಪಾಲಿಯೆಸ್ಟರ್ ಕರಗಲು ಸುಮಾರು 250 ಡಿಗ್ರಿ ಬೇಕು, ಪಾಲಿಥೀನಿಗೆ 110ರ ಆಸುಪಾಸು ಸಾಕು. ಒಟ್ಟಿಗೆ ಕರಗಿಸಿದರೂ ಎರಡೂ ಬೆರೆಯುವುದಿಲ್ಲ, ಬಿಡಿಸೋಣವೆಂದರೆ ಅಂಟು ಬಿಡುವುದಿಲ್ಲ. ಚಿಂದಿ ಆಯುವವರು ಬಾಟಲಿ ಎತ್ತಿಕೊಂಡು ಸ್ಯಾಷೆ ಬಿಟ್ಟುಹೋಗುವುದು ಅದಕ್ಕೇ.

ಪ್ಲಾಸ್ಟಿಕ್ ಎಂದ ತಕ್ಷಣ ಎಲ್ಲವನ್ನೂ ಬೈಯುವ ವಿಮರ್ಶಕರೂ ಈ ವ್ಯತ್ಯಾಸ ಕಾಣುವುದಿಲ್ಲ. ನಂದಿನಿ ಹಾಲಿನ ಪ್ಯಾಕೆಟ್ಟು ಬರೀ ಪಾಲಿಥೀನು, ತೊಳೆದಿಟ್ಟರೆ ಗುಜರಿಯವರು ಒಯ್ಯುತ್ತಾರೆ. ಅದನ್ನೂ ಸ್ಯಾಷೆಯನ್ನೂ ಒಂದೇ ಬುಟ್ಟಿಗೆ ಹಾಕುವವರಿಂದ ಲಾಭವಾಗುವುದು ಸ್ಯಾಷೆಗೆ. ಇನ್ನು ಕಾನೂನನ್ನು ಹೊಗಳುವವರು ತಿದ್ದುಪಡಿಯನ್ನು ಓದಬೇಕು. 2016ರ ಕೇಂದ್ರ ನಿಯಮ, ಮರುಬಳಕೆಗೆ ಬಾರದ ಬಹುಪದರ ಪ್ಲಾಸ್ಟಿಕ್ಕನ್ನು ಎರಡು ವರ್ಷದಲ್ಲಿ ನಿಲ್ಲಿಸಬೇಕೆಂದಿತು. 2018ರಲ್ಲಿ ಅದರ ಜೊತೆಗೆ ಶಕ್ತಿಯನ್ನೂ ಪಡೆಯಲಾಗದ, ಬೇರೆ ಉಪಯೋಗವೂ ಇಲ್ಲದ ಎಂಬ ಮಾತುಗಳು ಸೇರಿದವು. ಸಿಮೆಂಟ್ ಗೂಡಿನಲ್ಲಿ ಸುಟ್ಟರೂ ಉಪಯೋಗವೇ ಆಯಿತು; ನಿಯಮದ ಹಲ್ಲು ಉದುರಿತು.

ತಿಂಗಳುಗಟ್ಟಲೆ ಘಮ ಉಳಿಸಬೇಕಾದ ಕಾಫಿಪುಡಿಗೆ ಈ ಫಿಲ್ಮು ತಕ್ಕ ಹೊದಿಕೆ, ನಿಜ. ಒಂದು ಸ್ನಾನಕ್ಕೆ ಮುಗಿಯುವ ಶಾಂಪೂವಿಗೆ ಅಲ್ಲ. ಬೇರ್ಪಡಿಸಲಾಗದಂತೆ ಅಂಟಿಸಿದ ಪಾಲಿಯೆಸ್ಟರನ್ನು ಮರುಬಳಕೆಯ ವಸ್ತುವೆಂದು ಮಾರುವುದನ್ನು ಕಂಪನಿಗಳು ನಿಲ್ಲಿಸಬೇಕು.