ಪೆಟ್ಟನ್ನು ಮುಚ್ಚಿಡದ ಕೃತಜ್ಞತೆ

ದಿನದ ಬದುಕಿಗೆ ಕೃತಜ್ಞತೆ ಹೇಳುವ ಕವಿತೆಗಳನ್ನು ವಲಸೆ ಬಂದ ನಾವು ಧಾರಾಳವಾಗಿ ಬರೆಯುತ್ತೇವೆ. ಬೆಳಗಿನ ಚಹಾ, ಬಾಲ್ಕನಿಯ ತುಳಸಿ, ಕೊನೆಗೆ ದೇವರಿಗೊಂದು ನಮಸ್ಕಾರ. ಓದಲು ಹಿತ. ಆದರೆ ನಾಸಿಕದ ಸಾತಪುರದಲ್ಲೋ ಸಂಭಾಜಿನಗರದ ವಾಳೂಜಿನಲ್ಲೋ ರಾತ್ರಿ ಪಾಳಿ ಮುಗಿಸಿ ಬಂದವರ ದಣಿವು ಅವುಗಳಲ್ಲಿ ಕಾಣುವುದಿಲ್ಲ.

ಇದೇ ನೆಲದ ಸಂತ ಬಹಿಣಾಬಾಯಿಯನ್ನು (1628–1700) ಓದಿದಾಗ ಈ ಕೊರತೆ ಎದ್ದು ಕಾಣುತ್ತದೆ. ಹುಟ್ಟಿದ್ದು ವೇರುಳದ ಹತ್ತಿರದ ದೇವಗಾಂವ್‌ನಲ್ಲಿ, ಸಮಾಧಿ ಶಿವೂರಿನಲ್ಲಿ. ಎರಡೂ ಇಂದಿನ ಛತ್ರಪತಿ ಸಂಭಾಜಿನಗರ ಜಿಲ್ಲೆಯವು. ತುಕಾರಾಮರನ್ನು ಗುರುವೆಂದು ನಂಬಿದ ಆಕೆ ತನ್ನ ಬದುಕನ್ನೇ ಅಭಂಗಗಳಲ್ಲಿ ಹೇಳಿಕೊಂಡಳು. ಪ್ರೀತಿಯ ಕರು ಸತ್ತದ್ದು, ಗಂಡ ಹೊಡೆದದ್ದು, ಹೆಣ್ಣಾಗಿ ಹುಟ್ಟಿದವಳಿಗೆ ಪರಮಾರ್ಥ ದಕ್ಕೀತೇ ಎಂಬ ಅಳಲು ಎಲ್ಲವೂ ಅಲ್ಲಿವೆ. ದೇವರನ್ನು ನೆನೆಯುವಾಗ ಪೆಟ್ಟನ್ನು ಮುಚ್ಚಿಡುವುದಿಲ್ಲ.

ಕೊನೆಗೆ ಗಂಡನ ಸೇವೆಯಲ್ಲೇ ಆಕೆ ಸಮಾಧಾನ ಕಂಡುಕೊಳ್ಳುತ್ತಾಳೆ. ಇದನ್ನು ಇಂದು ಒಪ್ಪುವುದು ಕಷ್ಟ, ಒಪ್ಪಬೇಕಾಗಿಯೂ ಇಲ್ಲ. ಆದರೆ ಆ ಸಮಾಧಾನಕ್ಕೆ ತೆತ್ತ ಬೆಲೆ ಕಾವ್ಯದಲ್ಲೇ ದಾಖಲಾಗಿದೆ. ಆದ್ದರಿಂದಲೇ ಅದನ್ನು ನಾವು ಪ್ರಶ್ನಿಸಬಲ್ಲೆವು.

ನಮ್ಮಲ್ಲಿ ಆಯ್ದಕ್ಕಿ ಲಕ್ಕಮ್ಮನಿದ್ದಾಳೆ. ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಮರಳಿಸಲು ಹೇಳಿದವಳು. ಆಕೆಯ ಭಕ್ತಿಗೆ ಅಕ್ಕಿಯ ಅಳತೆಯಿದೆ, ದುಡಿಮೆಯ ಲೆಕ್ಕವಿದೆ.

ನಮ್ಮ ಕವಿತೆಗಳಿಗೆ ಬೇಕಾದದ್ದು ಈ ಲೆಕ್ಕ. ಯಾವುದಕ್ಕೆ ಕೃತಜ್ಞರು, ಯಾವುದನ್ನು ಸಹಿಸಿಕೊಂಡು ಕೃತಜ್ಞರು ಎಂಬುದನ್ನೂ ಕವಿತೆ ಹೇಳಲಿ. ಆಗ ಅದರ ನಂಬಿಕೆಯನ್ನು ಓದುಗರೂ ನಂಬುತ್ತಾರೆ.